ಒಣಗಿದ ಹಳ್ಳ ಖಾಲಿ ಸೈಟಲ್ಲ

ವರ್ಷದಲ್ಲಿ ಎಂಟು ತಿಂಗಳು ಒಣಗಿ ಬಿದ್ದಿರುವ ಹಳ್ಳಕ್ಕೆ ಅಷ್ಟೊಂದು ಜಾಗ ಯಾಕೆ ಬಿಡಬೇಕು? ಬಡಾವಣೆ ಕಟ್ಟುವವರು ಈ ಪ್ರಶ್ನೆಯನ್ನು ಬಹಳ ಕಾಲದಿಂದ ಕೇಳುತ್ತಿದ್ದಾರೆ. ಅವರು ಕೇಳುವುದರಲ್ಲಿ ಆಶ್ಚರ್ಯವಿಲ್ಲ, ಅವರ ವ್ಯಾಪಾರವೇ ಅದು. ಆದರೆ ಈಗ ಆ ಪ್ರಶ್ನೆಯನ್ನು ಸರ್ಕಾರವೇ ಕೇಳತೊಡಗಿದೆ. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಕೆರೆ ಸಂರಕ್ಷಣಾ ಪ್ರಾಧಿಕಾರದ ತಿದ್ದುಪಡಿ ಮಸೂದೆಯನ್ನು ಒಮ್ಮೆ ಓದಿ. ಐದು ಗುಂಟೆಯೊಳಗಿನ ಕೆರೆಗೆ ಬಫರ್ ವಲಯವೇ, ಅಂದರೆ ಸುತ್ತ ಕಟ್ಟಡ ಏಳದಂತೆ ಬಿಡಬೇಕಾದ ಜಾಗವೇ, ಬೇಡವಂತೆ. ಒಂದು ಎಕರೆಯೊಳಗಿನದಕ್ಕೆ ಮೂರು ಮೀಟರ್ ಸಾಕಂತೆ. ಮೊದಲು ಎಲ್ಲ ಕೆರೆಗೂ ಇದ್ದ 30 ಮೀಟರ್ ನೂರು ಎಕರೆ ಮೀರಿದ ಕೆರೆಗೆ ಮಾತ್ರವಂತೆ. ಹಳೆಯ ನಿಯಮ ಅಭಿವೃದ್ಧಿಗೆ ಅಡ್ಡಿಯಾಗಿತ್ತು ಎಂಬುದು ಇದಕ್ಕೆ ಸಮರ್ಥನೆ. ಅಡ್ಡಿಯಾಗಲೆಂದೇ ಅಲ್ಲವೇ ಆ ನಿಯಮ ಮಾಡಿದ್ದು?

ಇವರ್ಯಾರೂ ಭೂಪಟ ನೋಡಿದವರಲ್ಲ, ಅಥವಾ ನೋಡಿಯೂ ಮುಚ್ಚಿಟ್ಟವರು. ಬೆಂಗಳೂರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ದಾರಿ ಹಿಡಿಯುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಅದು ಹುಟ್ಟುತ್ತದೆ ಎಂದು ನಂಬಿದವರು ನಮ್ಮ ಹಿರಿಯರು. ಮಲ್ಲೇಶ್ವರದ ಕಡೆಯಿಂದ ಬರುವ ಇನ್ನೊಂದು ಕವಲೂ ಅದನ್ನೇ ಕೂಡುತ್ತದೆ. ಬ್ಯಾಟರಾಯನಪುರದ ಗಾಳಿ ಆಂಜನೇಯನ ಪಕ್ಕದಲ್ಲಿ ಹಾದು, ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು ದಾಟಿ, ಬಿಡದಿಯ ಹತ್ತಿರ ಭೈರಮಂಗಲದ ಕೆರೆ ತುಂಬಿ, ಕನಕಪುರ ತಾಲ್ಲೂಕಿನಲ್ಲಿ ಅರ್ಕಾವತಿಗೆ ಸೇರುತ್ತದೆ. ಮಳೆ ಬಂದರೆ ಮೈದುಂಬಿ, ಮಳೆ ಹೋದ ಮೇಲೆ ಮರಳಿನಡಿ ಸೊರಗುತ್ತಿದ್ದ ಹೊಳೆ ಇದು. ಮೈಸೂರು ರಸ್ತೆಯೂ ರೈಲು ಹಳಿಯೂ ಬಹುದೂರ ಇದೇ ಕಣಿವೆಯ ಜೊತೆ ಸಾಗುತ್ತವೆ, ಏಕೆಂದರೆ ಇಳಿಜಾರನ್ನು ಹೊಳೆ ಮೊದಲೇ ಸರಿ ಮಾಡಿಟ್ಟಿತ್ತು.

2021ರಲ್ಲಿ ಸದನದ ಮುಂದೆ ಬಂದ ಸಿಎಜಿ ವರದಿಯಲ್ಲಿ ಒಂದು ಲೆಕ್ಕವಿದೆ. ಕಳೆದ ಶತಮಾನದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿ ಮಳೆನೀರಿನ ಕಾಲುವೆಗಳ ಒಟ್ಟು ಉದ್ದ 226 ಕಿಲೋಮೀಟರ್ ಇತ್ತು. ವರದಿಯ ಹೊತ್ತಿಗೆ ಉಳಿದದ್ದು 111. ಕೋರಮಂಗಲ ಕಣಿವೆಯಲ್ಲಿ 113 ಇದ್ದದ್ದು 63ಕ್ಕೆ ಇಳಿದಿದೆ. ಅಂದರೆ ಒಂದು ವೃಷಭಾವತಿ ಕಣಿವೆಯಲ್ಲೇ 115 ಕಿಲೋಮೀಟರ್ ಹಳ್ಳ ಮಾಯ. ಬೆಂಗಳೂರಿನಿಂದ ಹೊರಟರೆ ಮಂಡ್ಯ ದಾಟುವಷ್ಟು ದೂರ. ಬಫರ್ ಕಡಿಮೆ ಮಾಡಬೇಕು ಎನ್ನುವ ಪ್ರತಿಯೊಬ್ಬ ಶಾಸಕರೂ ಮೊದಲು ಇದಕ್ಕೆ ಉತ್ತರ ಹೇಳಲಿ: ಆ 115 ಕಿಲೋಮೀಟರ್ ಎಲ್ಲಿ ಹೋಯಿತು?

ಎಲ್ಲಿ ಹೋಯಿತೆಂದು ನಮಗೆಲ್ಲ ಗೊತ್ತು. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳಕ್ಕೆ ಜೋಡಿ ಗೆರೆ ಇರುತ್ತದೆ, ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಜಾಗ, ಎಂದಿರುತ್ತದೆ. ಜಮೀನು ಪರಿವರ್ತನೆಯಾಗುವಾಗ ಆ ಗೆರೆ ಬಡಾವಣೆಯ ನಕ್ಷೆಗೆ ಇಳಿಯುವುದಿಲ್ಲ. ಇಳಿದರೂ ಮೂಲೆಗೆ ಸರಿಯುತ್ತದೆ. ನೀರು ನೇರ ಹೋಗುತ್ತಿದ್ದ ಕಡೆ ಕಾಲುವೆ ಕಾಂಪೌಂಡಿನ ಪಕ್ಕ ಲಂಬಕೋನದಲ್ಲಿ ತಿರುಗುತ್ತದೆ. ಆಮೇಲೆ ಮೇಲೊಂದು ಚಪ್ಪಡಿ, ಚಪ್ಪಡಿಯ ಮೇಲೆ ರಸ್ತೆ, ರಸ್ತೆಗೊಂದು ಹೆಸರು. ಹತ್ತು ವರ್ಷ ಕಳೆದರೆ ಅಲ್ಲಿ ಹಳ್ಳವಿತ್ತು ಎನ್ನಲು ಸಾಕ್ಷಿಯೇ ಇರುವುದಿಲ್ಲ. ಸಾಲ ಮಾಡಿ ಸೈಟು ಕೊಂಡ ನೌಕರನಿಗೆ ಇದು ಗೊತ್ತಾಗುವುದು ಮನೆಯೊಳಗೆ ನೀರು ಬಂದ ರಾತ್ರಿ. ನಕ್ಷೆಗೆ ಸಹಿ ಹಾಕಿದ ಅಧಿಕಾರಿ ಅಷ್ಟರಲ್ಲಿ ನಿವೃತ್ತ.

2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿ ಕಂಡದ್ದು ಇದನ್ನೇ. ಒಂದು ಸಂಜೆಯ ಮಳೆಗೆ ರಾಜಕಾಲುವೆ ಉಕ್ಕಿ, ಬೀದಿಯೇ ಹೊಳೆಯಾಗಿ, ವಾಹನಗಳು ಕೊಚ್ಚಿಹೋದವು. ಅದೇ ಮಳೆಗಾಲದಲ್ಲಿ ಮೈಸೂರು ರಸ್ತೆಯ ಪಕ್ಕದಲ್ಲಿ ವೃಷಭಾವತಿಯ ತಡೆಗೋಡೆ ಕುಸಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಪೂರ್ವದ ಕಣಿವೆಯ ಸರದಿ. ಸರ್ಜಾಪುರ ರಸ್ತೆಯ ಸಿರಿವಂತ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರತಂದರು. ಆಗ ಕೆಲವು ವಾರ ಜೆಸಿಬಿಗಳು ಗರ್ಜಿಸಿದವು, ಮಂತ್ರಿಗಳು ಗರ್ಜಿಸಿದರು. ದೊಡ್ಡವರ ಗೋಡೆ ಬಂದಾಗ ಮರುಸರ್ವೆ, ತಡೆಯಾಜ್ಞೆ. ಬಡವರ ಶೀಟಿನ ಮನೆಗೆ ಮರುಸರ್ವೆ ಇರಲಿಲ್ಲ.

ಹಳ್ಳದ ಅಗಲವನ್ನು ಅಳೆಯಬೇಕಾದದ್ದು ಫೆಬ್ರುವರಿಯಲ್ಲಲ್ಲ, ಅಕ್ಟೋಬರ್‌ನ ಆ ಒಂದು ರಾತ್ರಿ. ಮಳೆಗಾಲದ ಹಳ್ಳ ವರ್ಷವಿಡೀ ತನ್ನ ಜಾಗವನ್ನು ಬಳಸುವುದಿಲ್ಲ ನಿಜ, ಆದರೆ ಬಳಸುವ ಹೊತ್ತಿಗೆ ಪೂರ್ತಿ ಬಳಸುತ್ತದೆ. ನಮ್ಮ ನಾಡಿನ ನೀರಗಂಟಿಗೆ ಇದು ಗೊತ್ತಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಳಿಯಾಗಿ ಕಟ್ಟಿದ ಕೆರೆಗಳಲ್ಲಿ ಮಳೆಯ ರಭಸ ಮೊದಲು ತಗ್ಗುವುದು ಮೇಲ್ತುದಿಯ ಗುಂಟೆ ಲೆಕ್ಕದ ಕಟ್ಟೆ, ಕುಂಟೆಗಳಲ್ಲಿ. ಹೊಸ ಮಸೂದೆ ಬಫರ್ ಕಿತ್ತುಕೊಂಡಿರುವುದು ಇವುಗಳಿಂದಲೇ. ಕಣಿವೆಯ ತಲೆಯಲ್ಲಿರುವ ಕಟ್ಟೆಯನ್ನು ಗೋಡೆಗಳ ನಡುವೆ ಸಿಕ್ಕಿಸಿ, ಬುಡದಲ್ಲಿರುವ ದೊಡ್ಡ ಕೆರೆಗೆ 30 ಮೀಟರ್ ಉಳಿಸಿದ್ದೇವೆ ಎನ್ನುವವರಿಗೆ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬ ಪಾಠ ಆಗಬೇಕು.

ಇದು ಮೊದಲ ಸಲವೂ ಅಲ್ಲ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಪ್ರಧಾನ ರಾಜಕಾಲುವೆಗೆ ಅಂಚಿನಿಂದ 50 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಉಳಿದದ್ದು 2015ರ ಮಹಾಯೋಜನೆಯ ಅಳತೆ: ಕಾಲುವೆಯ ನಡುಗೆರೆಯಿಂದ 50, 25, 15 ಮೀಟರ್. ಕೆರೆಯ ವಿಷಯದಲ್ಲಿ ಆ ಯೋಜನೆಯ 30 ಮೀಟರನ್ನೂ ಈಗ ಹರಾಜಿಗಿಟ್ಟಿದ್ದಾರೆ. ಕಾಲುವೆಯ ಸರದಿ ಬರುವುದಿಲ್ಲ ಎಂದು ನಂಬಲು ನನಗೆ ಒಂದು ಕಾರಣವೂ ಕಾಣುತ್ತಿಲ್ಲ.

ಈಗ ಹಳ್ಳ ಒಣಗಿರುತ್ತದೆ ಎಂಬ ವಾದವನ್ನೇ ನೋಡಿ. ಏಪ್ರಿಲ್‌ನ ಬಿರುಬಿಸಿಲಿನಲ್ಲಿ ಕೆಂಗೇರಿಯ ಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿ. ವೃಷಭಾವತಿ ತುಂಬಿ ಹರಿಯುತ್ತಿದೆ. ಬೂದಿ ಬಣ್ಣದ ನೀರು, ಕಲ್ಲಿಗೆ ಬಡಿದಲ್ಲೆಲ್ಲ ನೊರೆ, ದಡದ ಮುಳ್ಳುಕಂಟಿಗೆ ಸಿಕ್ಕಿದ ಪ್ಲಾಸ್ಟಿಕ್ ಚೂರುಗಳು ಕಳೆದ ಮಳೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ತೋರಿಸುತ್ತವೆ. ಮೂಗು ಮುಚ್ಚದೆ ನಿಲ್ಲಲಾಗದು. ಇದು ಎಲ್ಲಿಯ ನೀರು? ಬಹುಪಾಲು ಕಾವೇರಿಯದು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಮೇಲಕ್ಕೆ, ಕೋಟಿಗಟ್ಟಲೆ ರೂಪಾಯಿಯ ವಿದ್ಯುತ್ ಸುಟ್ಟು ಎತ್ತಿ ತಂದ ಕಾವೇರಿ. 2024ರ ಐದನೇ ಹಂತದಲ್ಲಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿತು. ಅದನ್ನು ಒಮ್ಮೆ ಮೈಮೇಲೆ, ಪಾತ್ರೆಯ ಮೇಲೆ, ಕಕ್ಕಸಿನಲ್ಲಿ ಸುರಿದು, ಅರೆಬರೆ ಶುದ್ಧ ಮಾಡಿ ಈ ಕಣಿವೆಗೆ ಬಿಟ್ಟಿದ್ದೇವೆ. ಕಾರ್ಖಾನೆಗಳ ತ್ಯಾಜ್ಯವೂ ಅದಕ್ಕೆ ಕೂಡುತ್ತದೆ.

ಇದೇ ನಾಯಂಡಹಳ್ಳಿಯ ಆಸುಪಾಸಿನಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿಯ ಹೆಸರಿನಲ್ಲಿ ಖಾಸಗಿ ಬಸ್ಸುಗಳ ಡಿಪೊಗೆ ಬೆಂಕಿ ಬಿತ್ತು. ತಮಿಳುನಾಡಿಗೆ ಹನಿ ನೀರು ಬಿಡೆವು ಎಂದು ಎದೆ ಬಡಿದುಕೊಂಡವರಿಗೆ ಪಕ್ಕದಲ್ಲೇ ಕೊಳೆತು ಹರಿಯುತ್ತಿದ್ದ ಕಾವೇರಿ ಕಣ್ಣಿಗೆ ಬೀಳಲಿಲ್ಲ. ಇವತ್ತಿಗೂ ಬಿದ್ದಿಲ್ಲ. ಕಾವೇರಿಗಾಗಿ ಬಂದ್ ಕರೆಯುವ ಒಂದು ಸಂಘಟನೆಯಾದರೂ ವೃಷಭಾವತಿಗಾಗಿ ಒಂದು ದಿನ ಬಂದ್ ಕರೆಯಲಿ, ನಾನು ಅವರ ಜೊತೆ ಬೀದಿಯಲ್ಲಿ ಕೂರುತ್ತೇನೆ. ನೆಲ, ಜಲ, ಭಾಷೆ ಎನ್ನುವವರು ನಮ್ಮ ಕಣಿವೆಯ ನೆಲವನ್ನೂ ಜಲವನ್ನೂ ಯಾರು ಮಾರಿದರೆಂದು ಕೇಳಬೇಡವೇ?

ಹಳ್ಳಕ್ಕೆ ಪರಿಹಾರವೆಂದು ಪಾಲಿಕೆಗಳಿಗೆ ಗೊತ್ತಿರುವುದು ಒಂದೇ: ಎರಡು ಕಡೆ ಕಾಂಕ್ರೀಟ್ ಗೋಡೆ, ಆಗಾಗ ಹೂಳೆತ್ತುವ ಗುತ್ತಿಗೆ. ಗೋಡೆ ಎದ್ದಾಗ ನೀರಿನ ವೇಗ ಹೆಚ್ಚುತ್ತದೆ, ನೆಲಕ್ಕೆ ಇಂಗುವುದು ನಿಲ್ಲುತ್ತದೆ, ಮೇಲಿನ ಬಡಾವಣೆಯ ನೆರೆ ಕೆಳಗಿನ ಊರಿಗೆ ಬೇಗ ತಲುಪುತ್ತದೆ. ರಾಜರಾಜೇಶ್ವರಿ ನಗರದಲ್ಲಿ ಉಳಿಸಿದ್ದೇವೆ ಎಂದುಕೊಂಡದ್ದನ್ನು ಕುಂಬಳಗೋಡು ಕಟ್ಟಬೇಕಾಗುತ್ತದೆ.

ಕಟ್ಟಕಡೆಯಲ್ಲಿ ಕಟ್ಟುವವನು ಭೈರಮಂಗಲದ ರೈತ. 1940ರ ದಶಕದಲ್ಲಿ ಅಲ್ಲಿ ಜಲಾಶಯ ಕಟ್ಟಿದ್ದು ಭತ್ತ, ಕಬ್ಬಿಗೆ ನೀರು ಕೊಡಲು. ಈಗ ಆ ನಾಲೆಯ ನೀರಿಗೆ ಕೈ ಹಾಕಿದರೆ ಕಡಿತ. ಗದ್ದೆಗಳಲ್ಲಿ ಹುಲ್ಲು, ಹಿಪ್ಪುನೇರಳೆ, ಬೇಬಿ ಕಾರ್ನ್. ಆ ಹುಲ್ಲು ತಿಂದ ಹಸುವಿನ ಹಾಲು ಮತ್ತೆ ನಗರಕ್ಕೇ ಬರುತ್ತದೆ. ದಶಕಗಳ ಕಾಲ ನಮ್ಮ ಕೊಳೆ ಕುಡಿದ ಆ ಹಳ್ಳಿಗಳಿಗೆ ಸರ್ಕಾರ ಕೊಟ್ಟ ಬಹುಮಾನ ಬಿಡದಿ ಟೌನ್‌ಶಿಪ್. ಏಳು ಸಾವಿರ ಎಕರೆಗೂ ಹೆಚ್ಚು ಭೂಮಿಗೆ ನೋಟಿಸು. ಅಲ್ಲಿಯ ಹೆಣ್ಣುಮಕ್ಕಳು ಧರಣಿ ಕೂತಿರುವುದು ಬರೀ ಜಮೀನಿಗಾಗಿ ಎಂದುಕೊಂಡವರಿಗೆ ಆ ಕಣಿವೆಯ ಕಥೆ ಗೊತ್ತಿಲ್ಲ. ನಗರ ಒಮ್ಮೆ ನೀರು ಕೆಡಿಸಿತು, ಈಗ ಆ ಕೆಟ್ಟ ನೀರಿನ ದಂಡೆಯನ್ನೂ ಕೇಳುತ್ತಿದೆ.

ಬಫರ್ ಎಷ್ಟಿರಬೇಕು ಎಂಬ ಚರ್ಚೆಗೆ ನಾನು ಸಿದ್ಧ, ಆದರೆ ಅದಕ್ಕೆ ಮೊದಲು ಆಗಬೇಕಾದ ಕೆಲಸವಿದೆ. ಹಳೆಯ ಗ್ರಾಮ ನಕ್ಷೆಗಳನ್ನು ಇಟ್ಟುಕೊಂಡು ವೃಷಭಾವತಿ ಕಣಿವೆಯ 226 ಕಿಲೋಮೀಟರನ್ನೂ ನೆಲದ ಮೇಲೆ ಗುರುತಿಸಲಿ. ಕಾಣೆಯಾದ 115 ಕಿಲೋಮೀಟರ್ ಯಾವ ಯಾವ ಸರ್ವೆ ನಂಬರಿನಲ್ಲಿತ್ತು, ಅಲ್ಲಿ ಈಗ ಯಾವ ಕಟ್ಟಡವಿದೆ, ಅದರ ನಕ್ಷೆಗೆ ಯಾವ ವರ್ಷ ಯಾವ ಕಚೇರಿ ಒಪ್ಪಿಗೆ ಕೊಟ್ಟಿತು ಎಂಬ ಪಟ್ಟಿಯನ್ನು ಪ್ರತಿ ವಾರ್ಡಿನ ಗೋಡೆಗೆ, ಕನ್ನಡದಲ್ಲಿ, ಅಂಟಿಸಲಿ. ಆ ಪಟ್ಟಿ ಹೊರಬರುವವರೆಗೆ ಒಂದು ಮೀಟರ್ ಬಫರನ್ನೂ ಕಡಿಮೆ ಮಾಡುವ ಹಕ್ಕು ಈ ಸರ್ಕಾರಕ್ಕಿಲ್ಲ. ಮುಂದೆ ಬರುವ ಸರ್ಕಾರಕ್ಕೂ ಇಲ್ಲ.