ಪಾಚಿ ಕೊಟ್ಟ ಬೆಳಕು: ನಮ್ಮ ಪಾಲೆಷ್ಟು?

ಫ್ರಾನ್ಸ್‌ನ ಆ ವ್ಯಕ್ತಿಗೆ ಆಗ 58 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ ಪತ್ತೆಯಾಗಿ 40 ವರ್ಷ ಕಳೆದಿತ್ತು; ಬೆಳಕಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಾಗುತ್ತಿತ್ತು. ಹೆಚ್ಚು ಹಾಳಾಗಿದ್ದ ಕಣ್ಣಿಗೆ ಒಂದು ಇಂಜೆಕ್ಷನ್ ಕೊಟ್ಟು, ವಿಶೇಷ ಕನ್ನಡಕ ತೊಡಿಸಿ, ತಿಂಗಳುಗಟ್ಟಲೆ ತರಬೇತಿ ನೀಡಿದ ಮೇಲೆ, ರಸ್ತೆ ದಾಟುವ ಜಾಗದ ಬಿಳಿ ಪಟ್ಟೆಗಳು ಅವರಿಗೆ ಕಂಡವು. ಪ್ಯಾರಿಸ್‌ನ ಹೋಸೆ-ಅಲೆನ್ ಸಾಹೆಲ್ ಮತ್ತು ಬಾಸೆಲ್‌ನ ಬೋಟಂಡ್ ರೋಸ್ಕಾ ತಂಡದ ಈ ವರದಿ 2021ರ ಮೇ ತಿಂಗಳಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು.

‘ದೃಷ್ಟಿ ಮರಳಿತು’ ಎಂದು ಹಿಗ್ಗುವ ಮೊದಲು ವರದಿಯ ಅಂಕಿಗಳನ್ನೇ ನೋಡಬೇಕು. ಮೇಜಿನ ಮೇಲಿಟ್ಟ ನೋಟ್‌ಬುಕ್ಕನ್ನು ಅವರು ಶೇ 92ರಷ್ಟು ಸಲ ಗುರುತಿಸಿ ಮುಟ್ಟಿದರು. ಸ್ಟೇಪಲ್ ಪಿನ್ನಿನ ಪುಟ್ಟ ಡಬ್ಬಿ ಸಿಕ್ಕಿದ್ದು ಶೇ 36ರಷ್ಟು ಸಲ ಮಾತ್ರ. ಕನ್ನಡಕ ತೆಗೆದರೆ ಇದ್ಯಾವುದೂ ಆಗುತ್ತಿರಲಿಲ್ಲ. ಓದು, ಬಣ್ಣ, ಮೊಮ್ಮಗುವಿನ ಮುಖ ಇವೆಲ್ಲ ಇನ್ನೂ ದೂರದ ಮಾತು.

ಆದರೂ ಇದು ಸಣ್ಣ ಸಾಧನೆಯಲ್ಲ. ಈ ಕಾಯಿಲೆಯಲ್ಲಿ ಸಾಯುವುದು ರೆಟಿನಾದ ಬೆಳಕು ಹಿಡಿಯುವ ಕೋಶಗಳು. ಮಿದುಳಿಗೆ ಸಂದೇಶ ಒಯ್ಯುವ ಗ್ಯಾಂಗ್ಲಿಯನ್ ಕೋಶಗಳು ಬಹುಕಾಲ ಬದುಕಿರುತ್ತವೆ, ಕೆಲಸವಿಲ್ಲದೆ. ಒಂದು ಬಗೆಯ ಹಸಿರು ಪಾಚಿಯಲ್ಲಿ ಬೆಳಕು ಬಿದ್ದೊಡನೆ ಬಾಗಿಲು ತೆರೆಯುವ ಪ್ರೋಟೀನ್ ಇದೆ. ಅದರ ವಂಶವಾಹಿಯನ್ನು ನಿರುಪದ್ರವಿ ವೈರಸ್ಸಿನ ಮೂಲಕ ಗ್ಯಾಂಗ್ಲಿಯನ್ ಕೋಶಗಳಿಗೆ ಸೇರಿಸಿದರೆ ಅವೇ ಬೆಳಕನ್ನು ಗ್ರಹಿಸತೊಡಗುತ್ತವೆ. ಇದೇ ಆಪ್ಟೊಜೆನೆಟಿಕ್ಸ್. ಆದರೆ ಸಹಜ ಕೋಶಗಳ ಸೂಕ್ಷ್ಮತೆ ಇವುಗಳಿಗಿಲ್ಲ. ಪ್ರಖರ ಬೆಳಕೇ ಬೇಕು. ಕನ್ನಡಕದ ಕ್ಯಾಮೆರಾ ಎದುರಿನ ದೃಶ್ಯವನ್ನು ಹಿಡಿದು, ಹಳದಿ-ಕಿತ್ತಳೆ ಬೆಳಕಿನ ಮಿಡಿತಗಳಾಗಿಸಿ ರೆಟಿನಾದ ಮೇಲೆ ಚೆಲ್ಲುತ್ತದೆ. ಅಷ್ಟು ಪ್ರಖರ ನೀಲಿ ಬೆಳಕಾದರೆ ಕಣ್ಣಿಗೇ ಅಪಾಯ, ಅದಕ್ಕೇ ಈ ಬಣ್ಣದ ಆಯ್ಕೆ. ಸಹಜ ರೆಟಿನಾ ದೃಶ್ಯವನ್ನು ಸೋಸಿ, ವಿಂಗಡಿಸಿ ಕಳಿಸುತ್ತದೆ; ಇಲ್ಲಿ ಆ ಕೆಲಸವೂ ಬಹುಪಾಲು ತಪ್ಪಿಹೋಗಿದೆ. ಈ ಹೊಸ ಭಾಷೆಯನ್ನು ಮಿದುಳು ಕಲಿಯಬೇಕು. ತರಬೇತಿಗೆ ತಿಂಗಳುಗಳೇ ಹಿಡಿದದ್ದು ಅದಕ್ಕೆ.

ನನಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆಯೇ. 2017ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಲಕ್ಸ್‌ಟರ್ನಾ ಕೂಡ ಕಣ್ಣಿನ ಜೀನ್ ಥೆರಪಿಯೇ. ಆದರೆ ಅದು ಆರ್‌ಪಿಇ65 ಎಂಬ ಒಂದೇ ವಂಶವಾಹಿ ಕೆಟ್ಟವರಿಗೆ, ಅದೂ ರೆಟಿನಾದಲ್ಲಿ ಜೀವಂತ ಕೋಶಗಳು ಉಳಿದಿದ್ದರೆ ಮಾತ್ರ. ರೆಟಿನೈಟಿಸ್ ಪಿಗ್ಮೆಂಟೋಸಾಗೆ ಕಾರಣವಾಗುವ ವಂಶವಾಹಿಗಳು ಹತ್ತಾರು. ಆಪ್ಟೊಜೆನೆಟಿಕ್ಸ್‌ಗೆ ಯಾವುದು ಕೆಟ್ಟಿದೆ ಎಂಬುದು ಬೇಕಿಲ್ಲ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಹೆಣ್ಣು ಕೊಟ್ಟು ತರುವ ನಮ್ಮಂಥ ನಾಡಿಗೆ ಇದು ದೊಡ್ಡ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಇಂಥ ಮದುವೆಗಳು ಕಾಲು ಭಾಗಕ್ಕೂ ಹೆಚ್ಚು. ತಂದೆ, ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆಗಳಿಗೆ ಇದು ದಾರಿ. ಇರುಳುಗುರುಡಿನಿಂದ ಶುರುವಾಗುವ ಈ ಕಾಯಿಲೆಯ ಹಲವು ಬಗೆಗಳೂ ಆ ಸಾಲಿನವೇ.

ಭಾರತ ಇಲ್ಲಿ ಬರೀ ಪ್ರೇಕ್ಷಕನೂ ಅಲ್ಲ. ಭಾರತೀಯ ಮೂಲದ ಸಮರೇಂದ್ರ ಮೊಹಂತಿ ಸಹಸ್ಥಾಪಕರಾಗಿರುವ ಟೆಕ್ಸಾಸ್‌ನ ನ್ಯಾನೊಸ್ಕೋಪ್ ಕಂಪನಿಯ ಆಪ್ಟೊಜೆನೆಟಿಕ್ ಔಷಧಕ್ಕೆ ಕನ್ನಡಕವೇ ಬೇಕಿಲ್ಲ. ಅದರ ಮೊದಲ ಹಂತದ ಪ್ರಯೋಗಕ್ಕೆ ಕಣ್ಣು ಒಡ್ಡಿದ್ದು ಭಾರತದ 11 ರೋಗಿಗಳು. ಮುಂದಿನ ದೊಡ್ಡ ಪ್ರಯೋಗ ನಡೆದದ್ದು ಅಮೆರಿಕದಲ್ಲಿ, 27 ಮಂದಿಯ ಮೇಲೆ. ದೃಷ್ಟಿ ಸುಧಾರಿಸಿದೆ ಎಂದು ಕಂಪನಿ 2024ರಲ್ಲಿ ಹೇಳಿಕೊಂಡಿತು. ಇಷ್ಟು ಸಣ್ಣ ಸಂಖ್ಯೆಯನ್ನು ನೆಚ್ಚಿ ಯಾರೂ ಮನೆಮಠ ಮಾರಬಾರದು. ಪ್ರಯೋಗದ ಹೆಸರಿನಲ್ಲಿ ದುಡ್ಡು ಕೇಳುವವರು, ಕಾಂಡಕೋಶ ಚುಚ್ಚಿ ಕಣ್ಣು ಕೊಡುತ್ತೇವೆ ಎನ್ನುವವರು ಎದುರಾದರೆ ದೂರವಿರುವುದೇ ಕ್ಷೇಮ.

ಉಳಿದದ್ದು ಬೆಲೆ. ಲಕ್ಸ್‌ಟರ್ನಾಗೆ ಎರಡು ಕಣ್ಣಿಗೆ 8.5 ಲಕ್ಷ ಡಾಲರ್, ಎಂದರೆ ಏಳು ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ. ನಮ್ಮ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ, ಅದೂ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ. ಪ್ರಯೋಗದ ನಂತರವೂ ಔಷಧವನ್ನು ಉಚಿತವಾಗಿ ಕೊಡಬೇಕೆಂಬ 2019ರ ನಿಯಮ ಪ್ರಯೋಗದಲ್ಲಿ ಭಾಗಿಯಾದವರನ್ನು ಮಾತ್ರ ಕಾಯುತ್ತದೆ, ಅದಕ್ಕೂ ಷರತ್ತುಗಳುಂಟು. ಇತ್ತ ಕೇಂದ್ರ ಔಷಧ ನಿಯಂತ್ರಕರು 2024ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ದೊಡ್ಡ ರಿಯಾಯಿತಿಯನ್ನೇ ತೆರೆದಿಟ್ಟರು: ಅಮೆರಿಕ, ಬ್ರಿಟನ್, ಜಪಾನ್‌ನಂಥ ಕಡೆ ಅನುಮೋದನೆ ಪಡೆದ ಜೀನ್ ಥೆರಪಿಗಳಿಗೆ ಇಲ್ಲಿ ಪ್ರತ್ಯೇಕ ಪ್ರಯೋಗದಿಂದ ವಿನಾಯಿತಿ ಸಿಗಬಹುದು. ಔಷಧ ಬೇಗ ಬರಲಿ ಎಂಬ ಉದ್ದೇಶವೇನೋ ಸರಿ. ಆದರೆ ಕೋಟ್ಯಂತರ ರೂಪಾಯಿ ಉಳಿಸಿಕೊಡುವ ಈ ವಿನಾಯಿತಿಗೆ ಪ್ರತಿಯಾಗಿ ನಾವು ಕೇಳಿದ್ದೇನು? ಭಾರತಕ್ಕೆ ಪ್ರತ್ಯೇಕ ದರ, ಇಲ್ಲಿಯೇ ತಯಾರಿಕೆ, ಸರ್ಕಾರಿ ಕಣ್ಣಾಸ್ಪತ್ರೆಗಳಿಗೆ ಇಂತಿಷ್ಟು ಡೋಸ್ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಅನುಮೋದನೆ ಕೊಟ್ಟ ಮೇಲೆ ಚೌಕಾಸಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬೆಲೆಯ ಷರತ್ತಿಲ್ಲದೆ ಈ ವಿನಾಯಿತಿಯನ್ನು ಕೇಂದ್ರ ಕೊಡಬಾರದು.