ಕಣ್ಣಿನ ಕೆಳಗಿನ ಕಪ್ಪಿಗೆ ಸೌತೆಕಾಯಿ ಸಾಕೇ?

 

ಈ ಸಲ ನಾನು ಕಣ್ಣಿನ ಕೆಳಗಿನ ಕಪ್ಪು ಮತ್ತು ಬಾವಿನ ಬಗ್ಗೆ ಬರೆಯುತ್ತಿದ್ದೇನೆ. ಇದೇನು ದೊಡ್ಡ ವಿಷಯ ಅಂತ ನಗಬೇಡಿರಿ. ನಮ್ಮ ತರಗತಿಯಲ್ಲೇ ಒಮ್ಮೆ ತಿರುಗಿ ನೋಡಿರಿ. ಕಾಡಿಗೆ ಹಚ್ಚದಿದ್ದರೂ ಎಷ್ಟು ಜನರ ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ ಎಂದು ಎಣಿಸಿರಿ. ಹುಡುಗರಿಗಿಂತ ಹುಡುಗಿಯರೇ ಜಾಸ್ತಿ ಸಿಗ್ತಾರೆ. ಯಾಕೆ ಹೀಗೆ ಎಂಬುದೇ ನನ್ನ ಪ್ರಶ್ನೆ.

ಇದಕ್ಕೆ ಮನೆಮದ್ದು ಹೇಳುವವರು ಬಹಳ. ಒಬ್ಬರು ಸೌತೆಕಾಯಿ ಬಿಲ್ಲೆ ಇಟ್ಕೋ ಅಂತಾರೆ. ಇನ್ನೊಬ್ಬರು ಹಸಿ ಆಲೂಗಡ್ಡೆ ತುರಿದು ಹಚ್ಚು ಅಂತಾರೆ. ತಣ್ಣನೆ ಹಾಲಿನ ಹತ್ತಿ, ಆರಿದ ಚಹಾದ ನೀರು, ಲೋಳೆಸರ, ಕೊಬ್ಬರಿ ಎಣ್ಣೆ ಹೀಗೆ ಪಟ್ಟಿ ಬೆಳೆಯುತ್ತದೆ. ಇವು ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಇವು ಎಷ್ಟು ಕೆಲಸ ಮಾಡುತ್ತವೆ ಅಂತ ತಿಳಿಯಬೇಕು.

ಕಣ್ಣಿನ ಸುತ್ತಲಿನ ಚರ್ಮ ನಮ್ಮ ಮೈಯಲ್ಲೇ ಬಹಳ ತೆಳು, ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಅದಕ್ಕೆ ಒಳಗಿನ ರಕ್ತನಾಳಗಳು ಹೊರಗೆ ಕಪ್ಪಾಗಿ, ನೀಲಿಯಾಗಿ ಕಾಣುತ್ತವೆ. ರಾತ್ರಿ ಮಲಗಿದಾಗ ಮೈಯೊಳಗಿನ ನೀರು ಆ ಸಡಿಲ ಜಾಗದಲ್ಲಿ ನಿಲ್ಲುತ್ತದೆ. ಆದ್ದರಿಂದ ಬೆಳಿಗ್ಗೆ ಕಣ್ಣು ಊದಿರುತ್ತದೆ, ಎದ್ದು ಓಡಾಡಿದ ಮೇಲೆ ಇಳಿಯುತ್ತದೆ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದರೆ ಇನ್ನೂ ಊದುತ್ತದೆ. ತಣ್ಣನೆಯದು ಏನಿಟ್ಟರೂ ನಾಳಗಳು ಕುಗ್ಗಿ ಬಾವು ಸ್ವಲ್ಪ ತಗ್ಗುತ್ತದೆ. ಸೌತೆಕಾಯಿಯ ದೊಡ್ಡ ಗುಣ ಅದರ ತಂಪು. ಮಡಕೆ ನೀರಿನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯೂ ಅದೇ ಕೆಲಸ ಮಾಡ್ತದೆ, ರೊಕ್ಕ ಬೇಕಿಲ್ಲ. ಸೌತೆಕಾಯಿಯನ್ನು ತಿನ್ನೋದೇ ಲೇಸು!

ಕೆಲವು ಮದ್ದುಗಳನ್ನು ಮಾತ್ರ ಮಾಡಲೇಬಾರದು. ನಿಂಬೆರಸ ತೆಳು ಚರ್ಮವನ್ನು ಸುಡುತ್ತದೆ. ಸೊಪ್ಪಿನ ರಸ, ಎದೆಹಾಲು, ಎಣ್ಣೆ ಇವನ್ನು ಕಣ್ಣಿನೊಳಗೆ ಹಾಕಿದರೆ ಸೋಂಕು ಆಗಿ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಬಹುದು, ದೃಷ್ಟಿಯೇ ಹೋಗಬಹುದು. ಸಂತೆಯಲ್ಲಿ ಸಿಗುವ ಕೆಲವು ಸುರುಮಗಳಲ್ಲಿ ಸೀಸ ಇರುತ್ತದೆ. ಬೆಳ್ಳಗೆ ಮಾಡುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್, ಪಾದರಸ ಸಿಕ್ಕಿವೆ. ಕಪ್ಪು ಹೋಗಲಿ ಅಂತ ಹೋಗಿ ಕಣ್ಣನ್ನೇ ಕಳಕೊಂಡರೆ ಹೇಗೆ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೆಲವರಿಗೆ ಈ ಕಪ್ಪು ಮನೆತನದಿಂದ ಬಂದಿರುತ್ತದೆ. ಧೂಳಿಗೆ ಕಣ್ಣು ಕಡಿದು ಉಜ್ಜಿ ಉಜ್ಜಿ ಕೆಲವರಿಗೆ ಆಗಿರುತ್ತದೆ. ಅಂಥವರನ್ನು ಆಡಿಕೊಳ್ಳಬಾರದು. ಆದರೆ ನಮ್ಮಂಥ ಊರುಗಳಲ್ಲಿ ಎರಡು ಕಾರಣ ದೊಡ್ಡವು ಅಂತ ನನ್ನ ಅಭಿಪ್ರಾಯ. ಒಂದು ರಕ್ತ ಕಡಿಮೆ, ಎರಡು ನಿದ್ದೆ ಕಡಿಮೆ.

ಮೈಯಲ್ಲಿ ರಕ್ತ ಕಡಿಮೆ ಆದರೆ ಮುಖ ಬಿಳುಚಿಕೊಳ್ಳುತ್ತದೆ, ಆಗ ಕಣ್ಣಿನ ಕೆಳಗಿನ ಕಪ್ಪು ಎದ್ದು ಕಾಣುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಜನರಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31. ನಾವು ಇನ್ನೆರಡು ವರ್ಷಕ್ಕೆ ಆ ವಯಸ್ಸಿಗೆ ಕಾಲಿಡುತ್ತೇವೆ. ಸರ್ಕಾರ ನಮ್ಮ ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ ಇಟ್ಟಿದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇದೆ. ಹೊಟ್ಟೆ ತೊಳಸ್ತದೆ, ಮಲ ಕಪ್ಪಗಾಗ್ತದೆ ಅಂತ ಕೆಲವರು ಅದನ್ನ ಜೇಬಿನಾಗೆ ಇಟ್ಕೊಂಡು ಬೇಲಿ ಸಾಲಿಗೆ ಎಸೀತಾರೆ. ಮಲ ಕಪ್ಪಗಾಗೋದು ಕಬ್ಬಿಣದಿಂದ, ಭಯ ಬೇಡ. ಬಿಸಿಯೂಟ ಆದ ಮೇಲೆ ನುಂಗಿದರೆ ಹೊಟ್ಟೆ ತೊಳಸೋದು ಕಡಿಮೆ. ಕೊಕ್ಕೆಹುಳುವೂ ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ಅದಕ್ಕೆ ಜಂತುಹುಳುವಿನ ಮಾತ್ರೆ ತಪ್ಪಿಸಬಾರದು, ಬಯಲಿಗೆ ಬರಿಗಾಲಲ್ಲಿ ಹೋಗಬಾರದು.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ. ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು, ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಹುರುಳಿ ಇವೆಲ್ಲಾ ನಮ್ಮ ಕೋಗಳಿ ಸೀಮೆಯಲ್ಲೇ ಸಿಗುವ ಮದ್ದುಗಳು. ಜೊತೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಮೈ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಉಂಡ ತಕ್ಷಣ ಚಹಾ ಕುಡಿದರೆ ಹೀರಿಕೊಳ್ಳೋದು ಕಡಿಮೆ ಆಗುತ್ತದೆ. ನಿಂಬೆರಸದ ಜಾಗ ತಾಟು, ಕಣ್ಣಲ್ಲ.

ಇನ್ನು ನಿದ್ದೆ. 13 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಎಂದು ವೈದ್ಯರು ಹೇಳುತ್ತಾರೆ. ನಮ್ಮ ಗೆಳತಿಯರ ಲೆಕ್ಕ ಹಾಕೋಣ. ರಾತ್ರಿ ಎಲ್ಲರೂ ಉಂಡ ಮೇಲೆ ಮುಸುರೆ ತಿಕ್ಕಬೇಕು, ಆಮೇಲೆ ಮನೆಗೆಲಸದ ಲೆಕ್ಕ ಬರೀಬೇಕು. ಮಲಗೋದು 11 ಗಂಟೆ. ಬೆಳಿಗ್ಗೆ 5ಕ್ಕೆ ಎದ್ದು ಕಸ, ನೀರು, ರೊಟ್ಟಿ. ಹಡಗಲಿ ಕಡೆ ಮಲ್ಲಿಗೆ ಬಿಡಿಸುವ ಮನೆಗಳಲ್ಲಿ ಬೆಳಕು ಹರಿಯೋದಕ್ಕೂ ಮುಂಚೆ ಏಳಬೇಕು. ಅಂದರೆ ನಿದ್ದೆ ಬರೀ 6 ತಾಸು. ಅದೇ ಮನೆಯ ಅಣ್ಣ ತಮ್ಮ 7ರ ತನಕ ಮಲಗಿರ್ತಾರೆ. ರಾತ್ರಿ ಮೊಬೈಲು ನೋಡಿ ಕಣ್ಣು ಕಪ್ಪು ಮಾಡಿಕೊಂಡವರ ಕಥೆ ಬೇರೆ, ಅವರ ಮದ್ದು ಅವರ ಕೈಯಲ್ಲೇ ಇದೆ. ಇವಳ ಮದ್ದು ಇವಳೊಬ್ಬಳ ಕೈಯಲ್ಲಿಲ್ಲ.

“ಹೆಣ್ಣು ಸಂಸಾರದ ಕಣ್ಣು” ಅಂತ ಭಾಷಣದಲ್ಲಿ ಹೇಳ್ತಾರೆ. ಆ ಕಣ್ಣಿನ ಸುತ್ತ ಕಪ್ಪು ಕಟ್ಟಿದರೆ ಸೌತೆಕಾಯಿ ಇಟ್ಕೋ ಅನ್ನೋದು ಸರಿಯೇ? ಕೊಡ ತುಂಬಲು ಹುಡುಗರಿಗೆ ಕೈ ಇಲ್ಲವೇ? ತಾನು ಉಂಡ ತಾಟು ತಾನೇ ತೊಳೆದರೆ ಮರ್ಯಾದೆ ಹೋಗ್ತದಾ? ಮನೆಯ ಎಲ್ಲರೂ ಒಂದೊಂದು ಕೆಲಸ ಹಂಚಿಕೊಂಡರೆ ಹುಡುಗಿಗೆ ಒಂದೂವರೆ ಎರಡು ತಾಸು ನಿದ್ದೆ ಸಿಗುತ್ತದೆ. ಅಮ್ಮನಿಗೂ ಸಿಗುತ್ತದೆ, ಅವಳ ಕಣ್ಣನ್ನು ನಾವು ನೋಡೇ ಇಲ್ಲ. ನನ್ನ ಪ್ರಕಾರ ನಿಜವಾದ ಮನೆಮದ್ದು ಅಂದರೆ ಇದು. ಮನೆಯವರೆಲ್ಲಾ ಸೇರಿ ಮಾಡೋ ಮದ್ದು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕಣ್ಣಿನ ಬಾವು ದಿನವಿಡೀ ಇಳಿಯದಿದ್ದರೆ, ಕಾಲು ಕೂಡ ಊದಿದರೆ, ಮೂತ್ರ ಕಡಿಮೆ ಆದರೆ ಮೂತ್ರಪಿಂಡದ ತೊಂದರೆ ಇರಬಹುದು. ಒಂದೇ ಕಣ್ಣು ಕೆಂಪಾಗಿ ನೋವು ಬಂದರೂ, ಮಂಜಾಗಿ ಕಂಡರೂ ಮನೆಮದ್ದು ಬೇಡ. ಆಸ್ಪತ್ರೆಗೆ ಹೋಗಿರಿ.

ಗುರುಗಳಲ್ಲಿ ಒಂದು ವಿನಂತಿ. ತರಗತಿಯಲ್ಲಿ ಯಾರಾದರೂ ತೂಕಡಿಸಿದರೆ ಬೆಂಚಿನ ಮೇಲೆ ನಿಲ್ಲಿಸುವ ಮೊದಲು “ಎಷ್ಟು ಗಂಟೆಗೆ ಎದ್ದೆ?” ಎಂದು ಕೇಳಿರಿ. ಪಾಲಕರ ಸಭೆಯಲ್ಲಿ ಈ ಮಾತು ತೆಗೆಯಿರಿ. ನಾವು ಹೇಳಿದರೆ ಎದುರುತ್ತರ ಅಂತಾರೆ, ನೀವು ಹೇಳಿದರೆ ಕೇಳ್ತಾರೆ.

ಗೆಳೆಯರೇ, ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ. ಆದರೆ ಬರೆಯುವ ದಿನ ಬೆಳಿಗ್ಗೆ ನಾಲ್ಕು ಕೊಡ ನೀರು ತಂದು ಆಮೇಲೆ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ