ಬ್ಯಾಟರಿ ಇಲ್ಲದೆಯೂ ಮುಳ್ಳು ತಿರುಗುತ್ತದೆ

ಮನೆಯಲ್ಲೇ ಕಟ್ಟಿದ ವಿಮಾನಕ್ಕೆ ವಿದ್ಯುತ್ ವ್ಯವಸ್ಥೆ ಇಲ್ಲದಿದ್ದರೆ, ಎಂಜಿನ್ ತಾಪ ನೋಡಲು ಸಣ್ಣ ಬ್ಯಾಟರಿ, ಡಿಜಿಟಲ್ ಪರದೆ ಬಿಟ್ಟರೆ ಗತಿಯಿಲ್ಲ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಇದು ತಪ್ಪು. 1938ರ ಪೈಪರ್ ಜೆ-3 ಕಬ್ ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ ಚಾಲೂ ಮಾಡುವ ವಿಮಾನ. ಅದರ ಆಯಿಲ್ ತಾಪಮಾಪಕಕ್ಕೆ ಕರೆಂಟೇ ಬೇಡ. ಬಲ್ಬಿನೊಳಗಿನ ದ್ರವ ಕಾದು ಆವಿಯಾದಾಗ ಏರುವ ಒತ್ತಡ ತೆಳು ಕೊಳವೆಯಲ್ಲಿ ಸಾಗಿ ಮುಳ್ಳನ್ನು ತಿರುಗಿಸುತ್ತದೆ.

ಸಿಲಿಂಡರ್ ಹೆಡ್ಡಿನ ತಾಪ ಅಳೆಯಲು ಥರ್ಮೋಕಪಲ್ ಇದೆ. ಸ್ಪಾರ್ಕ್ ಪ್ಲಗ್ ಕೆಳಗಿನ ವಾಷರಿನಲ್ಲಿ ಕಬ್ಬಿಣ ಮತ್ತು ಕಾನ್‌ಸ್ಟಾಂಟನ್ ತಂತಿಗಳು ಕೂಡುತ್ತವೆ. ತುದಿಗಳ ನಡುವೆ 200 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ 10 ಮಿಲಿವೋಲ್ಟಿಗಿಂತ ತುಸು ಹೆಚ್ಚು ತಾನಾಗಿಯೇ ಹುಟ್ಟುತ್ತದೆ. ಮೀಟರಿಗೆ ಅಷ್ಟು ಸಾಕು.

ಲೇಖಕರು ಕೊಡಬೇಕಿದ್ದ ಎಚ್ಚರಿಕೆಗಳೇ ಬೇರೆ. ಇಂಥ ಮೀಟರನ್ನು ತಂತಿಯ ರೋಧಕ್ಕೆ ಹೊಂದಿಸಿರುತ್ತಾರೆ. ಉದ್ದವಾಯಿತೆಂದು ಕತ್ತರಿಸಿದರೆ ಅಳತೆ ತಪ್ಪುತ್ತದೆ. ಉಳಿದದ್ದನ್ನು ಸುರುಳಿ ಸುತ್ತಿ ಕಟ್ಟಬೇಕು. ಆಯಿಲ್ ಮಾಪಕದ ಕೊಳವೆ ಒಡೆದರಂತೂ ಮುಳ್ಳು ಕೆಳಗೇ ನಿಂತು, ಕುದಿಯುವ ಎಂಜಿನ್ ತಣ್ಣಗಿದೆ ಎಂದು ತೋರಿಸುತ್ತದೆ. ಹಾಗಾಗಿ ಅದನ್ನು ತೀರಾ ಮಡಿಸಬಾರದು, ಕಂಪನಕ್ಕೆ ಉಜ್ಜದಂತೆ ಬಿಗಿಯಬೇಕು.

ಒಂದು ಮೀಟರ್ ಒಂದೇ ಸಿಲಿಂಡರಿನ ತಾಪ ತೋರಿಸುತ್ತದೆ ಎಂಬ ಅವರ ಆಕ್ಷೇಪ ಮಾತ್ರ ನಿಜ. ಎಲ್ಲಕ್ಕಿಂತ ಹೆಚ್ಚು ಕಾಯುವ ಸಿಲಿಂಡರ್ ಯಾವುದೆಂದು ಮೊದಲು ಪತ್ತೆಮಾಡಿ, ವಾಷರನ್ನು ಅಲ್ಲೇ ಹಾಕಬೇಕು.